ರೋಗಿಗೆ ಗುರುತುಚೀಟಿ ಇದೆ, ಆರೈಕೆ ಮಾಡುವವರಿಗೆ?

ಭಾನುವಾರದ ಪೂಜೆಗೆ ಯಾರು ಬಂದಿದ್ದಾರೆ ಎಂಬುದನ್ನು ನಾವು ಗಮನಿಸುತ್ತೇವೆ. ಯಾರು ಬಂದಿಲ್ಲ ಎಂಬುದನ್ನು ಗಮನಿಸುವುದು ಕಡಿಮೆ. ನಮ್ಮ ಧರ್ಮಕೇಂದ್ರಗಳಲ್ಲಿ ಸರದಿಯ ಮೇಲೆ ಪೂಜೆಗೆ ಬರುವ ಕುಟುಂಬಗಳಿವೆ. ಒಂದು ವಾರ ಗಂಡ ಬಂದರೆ ಮುಂದಿನ ವಾರ ಹೆಂಡತಿ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯೋ, ಮೂವತ್ತು ವರ್ಷ ದಾಟಿದರೂ ತುತ್ತು ಮಾಡಿ ಉಣ್ಣಿಸಬೇಕಾದ ಮಗನೋ ಇರುವುದರಿಂದ ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ಗಂಡ ತೀರಿಕೊಂಡ ಮನೆಗಳಲ್ಲಿ ಸರದಿಯೂ ಇಲ್ಲ. ಅಂಥ ತಾಯಂದಿರು ಚರ್ಚಿಗೆ ಬರುವುದು ವರ್ಷಹಬ್ಬಕ್ಕೋ, ಹತ್ತಿರದವರ ಮರಣಕ್ಕೋ ಮಾತ್ರ.

ರೋಗಿಯನ್ನು ನೋಡಲು ನಾವು ಹೋಗುತ್ತೇವೆ. ಹಣ್ಣು ಕೊಡುತ್ತೇವೆ, ಪ್ರಾರ್ಥನೆ ಮಾಡುತ್ತೇವೆ, 'ಹೇಗಿದ್ದಾರೆ' ಎಂದು ವಿಚಾರಿಸುತ್ತೇವೆ. ಪಕ್ಕದಲ್ಲಿ ನಿಂತಿರುವವರನ್ನು 'ನೀವು ಹೇಗಿದ್ದೀರಿ' ಎಂದು ಕೇಳುವವರು ಎಷ್ಟು ಮಂದಿ? ಆ ಪಕ್ಕದಲ್ಲಿ ನಿಂತವರ ಕುರಿತು ಈ ಬಾರಿ ಚಿಂತಿಸೋಣ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಧರ್ಮಸ್ಥಳದ ನೆರೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳೇ ಸಾಕು.

ಗೇರು ತೋಟದಿಂದ ಅಡುಗೆಮನೆಗೆ

ಕರ್ನಾಟಕ ಗೇರು ಅಭಿವೃದ್ಧಿ ನಿಗಮ 1978ರಲ್ಲಿ ಸ್ಥಾಪನೆಯಾಯಿತು. ಗೇರು ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆಯ ಕಾಟ ತಡೆಯಲೆಂದು ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಸುಮಾರು 1980ರಿಂದ 2000ದವರೆಗೆ ಇದು ನಡೆಯಿತು. ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ನಿಗಮವೂ ಇದನ್ನೇ ಮಾಡಿತು. ತೋಟದ ಕೆಳಗೆ ಬಾವಿಗಳಿದ್ದವು, ತೋಡುಗಳಿದ್ದವು, ಶಾಲೆಗೆ ಹೋಗುವ ಮಕ್ಕಳಿದ್ದರು.

ಮೊದಲು ಎಚ್ಚರಿಸಿದವರು ಕಾಸರಗೋಡಿನ ಪಡ್ರೆಯ ಪತ್ರಕರ್ತ ಶ್ರೀಪಡ್ರೆ. ಕರುಗಳು ವಿಕಲಾಂಗವಾಗಿ ಹುಟ್ಟುತ್ತಿರುವುದನ್ನು ಕಂಡು ಅವರು 1981ರಲ್ಲೇ ಬರೆದರು. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಒಂದೇ ಪ್ರದೇಶದ ಮನೆಮನೆಯಲ್ಲಿ ವಿಚಿತ್ರ ಕಾಯಿಲೆಗಳಿರುವುದನ್ನು ಗುರುತಿಸಿದರು. ನಮ್ಮ ಕಡೆ ಕೊಕ್ಕಡದ ಶ್ರೀಧರ ಗೌಡರು ಸಂತ್ರಸ್ತರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು.

ವಿಷ ನಿಂತಿತು. ಆದರೆ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಸಂತ್ರಸ್ತರೆಂದು ಗುರುತಿಸಲ್ಪಟ್ಟವರು ಮೂರು ಸಾವಿರಕ್ಕೂ ಹೆಚ್ಚು. ಇವರಲ್ಲಿ ನಡೆಯಲಾಗದವರು, ಮಾತು ಬಾರದವರು, ಬುದ್ಧಿ ಬೆಳೆಯದವರು, ಮಲಗಿದಲ್ಲೇ ಇರುವವರು ಸೇರಿದ್ದಾರೆ. ಆಗ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅಂದು ಎತ್ತಿಕೊಳ್ಳುತ್ತಿದ್ದ ತಾಯಿಗೆ ಈಗ ಅರುವತ್ತು ವರ್ಷ. ಮಗನ ತೂಕ ಹೆಚ್ಚಿದೆ, ತಾಯಿಯ ಸೊಂಟ ಬಗ್ಗಿದೆ. ಹೋರಾಟದ ಸುದ್ದಿ ಪತ್ರಿಕೆಗಳ ಮುಖಪುಟದಿಂದ ಹೋದ ಮೇಲೂ ಸ್ನಾನ ಮಾಡಿಸುವ, ಬಟ್ಟೆ ಬದಲಾಯಿಸುವ, ಹಾಸಿಗೆ ಹುಣ್ಣಾಗದಂತೆ ರಾತ್ರಿ ಎದ್ದು ಮಗ್ಗುಲು ತಿರುಗಿಸುವ ಕೆಲಸ ಒಂದು ದಿನವೂ ನಿಂತಿಲ್ಲ.

ಸಿಕ್ಕಿದ್ದು ಯಾರಿಗೆ?

ಸರಕಾರ ಏನೂ ಮಾಡಲಿಲ್ಲ ಎಂದು ಹೇಳಿದರೆ ಅದು ಸತ್ಯವಾಗದು. ವೈದ್ಯರ ತಂಡಗಳು ಸಂತ್ರಸ್ತರನ್ನು ಗುರುತಿಸಿ ಗುರುತುಚೀಟಿ ಕೊಟ್ಟಿವೆ. ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನವಿದೆ. ಕೊಕ್ಕಡದಲ್ಲಿಯೂ ಕೊಯ್ಲದಲ್ಲಿಯೂ ಹಗಲು ಪಾಲನಾ ಕೇಂದ್ರಗಳು ತೆರೆದವು. ಇಂಥ ಕೇಂದ್ರದಿಂದ ಮಗುವಿಗೆ ವ್ಯಾಯಾಮ, ಊಟ, ಜೊತೆ ಸಿಗುತ್ತದೆ. ಅಷ್ಟೇ ಮುಖ್ಯವಾಗಿ, ತಾಯಿಗೆ ಬೆಳಗ್ಗಿನಿಂದ ಸಂಜೆಯವರೆಗೆ ಎರಡು ಕೈ ಖಾಲಿಯಾಗುತ್ತವೆ. ಆದರೆ ವಾಹನ ಹತ್ತಿಸಲೂ ಆಗದ ಸ್ಥಿತಿಯವರು ಮನೆಯಲ್ಲೇ ಉಳಿಯುತ್ತಾರೆ. ಅತಿ ಹೆಚ್ಚು ಬಿಡುವು ಬೇಕಾದ ತಾಯಿಗೆ ಬಿಡುವೇ ಇಲ್ಲ. ಆದ್ದರಿಂದಲೇ ಹಾಸಿಗೆ ಹಿಡಿದವರನ್ನೂ ಉಳಿಸಿಕೊಂಡು ನೋಡಿಕೊಳ್ಳುವ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂಬ ಬೇಡಿಕೆ ಕೊಕ್ಕಡದವರಿಂದ ಮತ್ತೆ ಮತ್ತೆ ಕೇಳಿಬಂದಿತು.

ಇಲ್ಲಿ ಕಾಸರಗೋಡಿನ ಒಂದು ಸಂಗತಿ ನಮ್ಮ ಕಣ್ಣು ತೆರೆಸಬೇಕು. ಪ್ರತಿ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕೇರಳ ಸರಕಾರಕ್ಕೆ ಆದೇಶಿಸಿತ್ತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ ನ್ಯಾಯಾಲಯ ವಿಚಾರಿಸಿದಾಗ 3,704 ಸಂತ್ರಸ್ತರಲ್ಲಿ ಹಣ ತಲುಪಿದ್ದು ಕೇವಲ 8 ಮಂದಿಗೆ. ಆ ಎಂಟು ಮಂದಿ ಯಾರು? ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು! ನ್ಯಾಯಾಧೀಶರು ಸರಕಾರವನ್ನು ತರಾಟೆಗೆ ತೆಗೆದುಕೊಂಡ ಬಳಿಕವೇ ಉಳಿದವರಿಗೆ ಹಣ ಹೋಗಲು ವೇಗ ಬಂದಿತು.

ಇದು ಕೇರಳದ ಒಂದು ಇಲಾಖೆಯ ತಪ್ಪು ಮಾತ್ರವಲ್ಲ. ನಮ್ಮ ಎಲ್ಲ ಸವಲತ್ತುಗಳ ಸ್ವಭಾವವೇ ಹಾಗೆ. ಕಚೇರಿಗೆ ಹೋಗಬಲ್ಲವರಿಗೆ, ಸಾಲಿನಲ್ಲಿ ನಿಲ್ಲಬಲ್ಲವರಿಗೆ, 'ನಾಳೆ ಬನ್ನಿ' ಎಂದರೆ ನಾಳೆಯೂ ಹೋಗಬಲ್ಲವರಿಗೆ ಅವು ಸಿಗುತ್ತವೆ. ಮಲಗಿದ ಮಗುವನ್ನು ಬಿಟ್ಟು ಅರ್ಧ ಗಂಟೆ ಹೊರಹೋಗಲಾಗದ ತಾಯಿ ಪಟ್ರಮೆಯಿಂದ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಂಗಳೂರಿಗೆ ಹೋಗಿ, ಒಂದು ಸಹಿಗಾಗಿ ದಿನವಿಡೀ ಕಾಯುವುದು ಹೇಗೆ? ಆರೈಕೆಯ ಭಾರ ಹೆಚ್ಚಿದಷ್ಟೂ ನೆರವು ದೂರವಾಗುತ್ತದೆ. ನಾವು ಅರಿತುಕೊಳ್ಳಬೇಕಾದ ಮುಖ್ಯ ವಿಷಯ ಇದು.

ಲೆಕ್ಕಕ್ಕೆ ಸಿಗದ ದುಡಿಮೆ

ಈ ದುಡಿಮೆ ಯಾರದು ಎಂಬುದಕ್ಕೆ ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಉತ್ತರವಿದೆ. ಮನೆಯವರ ಆರೈಕೆಯಲ್ಲಿ ಸಂಬಳವಿಲ್ಲದೆ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಾರೆ, ಗಂಡಸರು 76 ನಿಮಿಷ. ಇಂಥ ಆರೈಕೆಯಲ್ಲಿ ತೊಡಗಿದ ಹೆಂಗಸರು ಶೇಕಡಾ 27.6, ಗಂಡಸರು ಶೇಕಡಾ 14. ಇದರಲ್ಲಿ ಸಾಮಾನ್ಯ ಮಕ್ಕಳ ಪಾಲನೆಯೂ ಸೇರಿದೆ. ಮಲಗಿದಲ್ಲೇ ಇರುವವರಿರುವ ಮನೆಯಲ್ಲಿ ನಿಮಿಷದ ಲೆಕ್ಕವೇ ನಡೆಯುವುದಿಲ್ಲ, ಅಲ್ಲಿ ಹಗಲೂ ರಾತ್ರಿಯೂ ಕೆಲಸವೇ. ಬೀಡಿ ಕಟ್ಟಿ ನಾಲ್ಕು ಕಾಸು ಸಂಪಾದಿಸುತ್ತಿದ್ದ ಹೆಂಗಸು ಅದನ್ನೂ ಬಿಡುತ್ತಾಳೆ. ಹೀಗೆ ಖರ್ಚು ಏರುವಾಗಲೇ ಆದಾಯ ಇಳಿಯುತ್ತದೆ.

ಕಾನೂನು ಇದನ್ನು ತಿಳಿಯದೇ ಇಲ್ಲ. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯಲ್ಲಿ, ಬಡ ಕುಟುಂಬಗಳಿಗೆ ಕೊಡಬೇಕಾದ ನೆರವಿನಲ್ಲಿ ಆರೈಕೆ ಮಾಡುವವರಿಗೆ ಬಿಡುವು ಕೊಡುವ ವ್ಯವಸ್ಥೆಯೂ ಸೇರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೇ ಸೆಕ್ಷನ್, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯನ್ನು ಸಾಮಾಜಿಕ ಭದ್ರತೆಯ ಪಟ್ಟಿಯಲ್ಲಿ ಇರಿಸಿದೆ. ಕೇರಳದಲ್ಲಿ 'ಆಶ್ವಾಸಕಿರಣಂ' ಎಂಬ ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದೇ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿತು. ಕರ್ನಾಟಕದಲ್ಲಿ 2024ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್‌ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಪ್ರಕಟಿಸಲಾಯಿತು.

ಮೊತ್ತ ಚಿಕ್ಕದು, ನಿಜ. ಡಯಾಪರಿಗೂ ಸಾಲದು. ಆದರೂ ಒಂದು ಸರಕಾರಿ ಕಾಗದದಲ್ಲಿ 'ಆರೈಕೆದಾರರು' ಎಂಬ ಶಬ್ದ ಬಂದಿರುವುದು ಚಿಕ್ಕ ಸಂಗತಿಯಲ್ಲ. ಇದುವರೆಗೆ ರೋಗಿಗೆ ಒಂದು ಸಂಖ್ಯೆ ಇತ್ತು, ನೋಡಿಕೊಳ್ಳುವವರಿಗೆ ಹೆಸರೂ ಇರಲಿಲ್ಲ. ನಾಲ್ಕು ಕಾಯಿಲೆಗಳ ಗಡಿ ದಾಟಿ, ಪೂರ್ಣವಾಗಿ ಇನ್ನೊಬ್ಬರನ್ನೇ ಅವಲಂಬಿಸಿರುವ ಎಲ್ಲರ ಆರೈಕೆದಾರರಿಗೂ ಈ ಭತ್ಯೆ ಸಿಗಬೇಕೆಂದು ಒತ್ತಾಯಿಸುವುದು ನ್ಯಾಯವಾದ ಬೇಡಿಕೆ.

'ನನ್ನ ನಂತರ ಯಾರು?'

ಹಣಕ್ಕಿಂತಲೂ ಭಾರವಾದ ಪ್ರಶ್ನೆ ಇದು. ಇಂಥ ಮನೆಗಳಿಗೆ ಹೋದವರೆಲ್ಲರೂ ಇದನ್ನು ಕೇಳಿರುತ್ತಾರೆ. ಎಲ್ಲ ತಂದೆತಾಯಂದಿರೂ ಮಕ್ಕಳಿಗಿಂತ ಮೊದಲು ತಾವು ಹೋಗಬೇಕೆಂದು ಬೇಡಿಕೊಳ್ಳುತ್ತಾರೆ. ಇವರು ಮಾತ್ರ ಮಗ ತನಗಿಂತ ಒಂದು ದಿನ ಮೊದಲು ಹೋಗಲಿ ಎಂದು ಬೇಡಿಕೊಳ್ಳುತ್ತಾರೆ. ಈ ಪ್ರಾರ್ಥನೆಯಲ್ಲಿ ಪ್ರೀತಿಯ ಕೊರತೆಯಿಲ್ಲ, ಭರವಸೆಯ ಕೊರತೆ ಇದೆ.

2022ರ ಮೇ ತಿಂಗಳ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಒಬ್ಬ ತಾಯಿ, ಎಂಡೋಸಲ್ಫಾನ್ ಪೀಡಿತಳಾದ ತನ್ನ ಪ್ರಾಯದ ಮಗಳ ಜೀವ ತೆಗೆದು ತಾನೂ ಪ್ರಾಣ ಕಳೆದುಕೊಂಡಳು. ಸುಪ್ರೀಂ ಕೋರ್ಟ್ ಆ ಎಂಟು ಮಂದಿಯ ಲೆಕ್ಕ ಕೇಳಿದ ತಿಂಗಳೂ ಅದೇ. ಈ ಘಟನೆಯನ್ನು ನಾವು ಸಮರ್ಥಿಸುವುದಿಲ್ಲ, ಸತ್ತವರ ಮೇಲೆ ತೀರ್ಪು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ದೀರ್ಘಕಾಲ ಒಬ್ಬಂಟಿಯಾಗಿ ಆರೈಕೆ ಮಾಡುವವರ ಮನಸ್ಸು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ತಿಳಿದುಕೊಳ್ಳದೆ ಇರುವಂತಿಲ್ಲ. 'ಅವರು ತುಂಬಾ ತಾಳ್ಮೆಯವರು, ಸಂತರ ಹಾಗೆ' ಎಂದು ನಾವು ಹೊಗಳುತ್ತೇವೆ. ಹೊಗಳಿದ ಮೇಲೆ ಅವರು ದಣಿವನ್ನು ಹೇಳಿಕೊಳ್ಳುವುದಾದರೂ ಹೇಗೆ?

'ನನ್ನ ನಂತರ ಯಾರು' ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಭಾಗದ ಉತ್ತರವಿದೆ. 18 ವರ್ಷ ತುಂಬಿದ ಮೇಲೆ ಮಗ ಅಥವಾ ಮಗಳು ಕಾನೂನಿನ ಕಣ್ಣಿಗೆ ಪ್ರಾಯಪ್ರಬುದ್ಧರು. ಬ್ಯಾಂಕಿನಲ್ಲಿ, ಜಾಗದ ಪಾಲಿನಲ್ಲಿ ಅವರ ಪರವಾಗಿ ಸಹಿ ಮಾಡಲು ತಂದೆತಾಯಿಗೂ ತಾನಾಗಿಯೇ ಅಧಿಕಾರವಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಇದಕ್ಕಾಗಿ ಅರ್ಜಿ ಕೊಡಬೇಕು. ತಂದೆತಾಯಿ ಬದುಕಿರುವಾಗಲೇ, ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಮಾತನಾಡಬಲ್ಲ ಕಾಲದಲ್ಲೇ ಇದನ್ನು ಮಾಡಿಡುವುದು ಒಳ್ಳೆಯದು. ಆಸ್ತಿ ಪಾಲಾದ ಮೇಲೆ ಆರೈಕೆ ಪಾಲು ಮಾಡಿಕೊಳ್ಳಲು ಜನ ಸಿಗುವುದಿಲ್ಲ.

ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು?

ನೆರವು ಅಲ್ಲಲ್ಲಿ ಚದುರಿದೆ. ಅದನ್ನು ಒಂದು ಕಡೆ ಕೂಡಿಸಿ ಹೇಳುವುದು ಉಪಕಾರವಾದೀತು.

ಮೊದಲ ಬಾಗಿಲು ಗ್ರಾಮ ಪಂಚಾಯತ್. ಅಂಗವಿಕಲರ ಕೆಲಸಕ್ಕೆಂದೇ ಕರ್ನಾಟಕದ ಪಂಚಾಯತ್‌ಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದು ಕೇಳಿದರೆ ಪಂಚಾಯತ್‌ನಲ್ಲಿ ಬೇಗ ತಿಳಿಯುತ್ತದೆ. ಯುಡಿಐಡಿ ಗುರುತುಚೀಟಿಗೆ, ಅಂಗವಿಕಲ ಮಾಸಾಶನಕ್ಕೆ, ಆರೈಕೆದಾರರ ಪ್ರೋತ್ಸಾಹಧನದ ವಿಚಾರಣೆಗೆ ಇವರೇ ದಾರಿ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿ ಹಾಗೂ ಮಾಸಾಶನದ ವಿಷಯದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು.

ಎರಡನೆಯದು 'ನಿರಾಮಯ' ಆರೋಗ್ಯ ವಿಮೆ. ಮೇಲೆ ಹೇಳಿದ ರಾಷ್ಟ್ರೀಯ ನ್ಯಾಸ ಕಾಯಿದೆಯ ನಾಲ್ಕು ವಿಧದ ಅಂಗವೈಕಲ್ಯಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದರಲ್ಲಿ ನೆರವಿದೆ. ಆಸ್ಪತ್ರೆಗೆ ಸೇರಿದಾಗ ಮಾತ್ರವಲ್ಲ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಗೂ ಮಿತಿಯೊಳಗೆ ಹಣ ಸಿಗುತ್ತದೆ. ಪ್ರತಿ ವರ್ಷ ನವೀಕರಿಸಲು ಮರೆಯಬಾರದು.

ಮೂರನೆಯದು ಸಲಕರಣೆ. ನೀರಿನ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಇರುವ ಕುರ್ಚಿ ಇವು ರೋಗಿಗೆಷ್ಟೋ ಅಷ್ಟೇ ಆರೈಕೆ ಮಾಡುವವರ ಬೆನ್ನಿಗೂ ಬೇಕು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲೇ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಇಂಥ ಸಲಕರಣೆಗಳನ್ನೂ ನಿರ್ಗತಿಕರಿಗೆ ಮಾಸಾಶನವನ್ನೂ ಕೊಡುತ್ತ ಬಂದಿದೆ. ಊರಿನ ಸೇವಾಪ್ರತಿನಿಧಿಯನ್ನು ವಿಚಾರಿಸಬಹುದು. ಇಲ್ಲಿ ಜಾತಿ ಧರ್ಮದ ಸಂಕೋಚ ಬೇಡ. ನಮ್ಮ ಸಂಸ್ಥೆಗಳ ಬಾಗಿಲಿಗೆ ಎಲ್ಲರೂ ಬರಬೇಕೆಂದು ಬಯಸುವ ನಾವು ನೆರೆಯವರ ಬಾಗಿಲು ತಟ್ಟಲು ಹಿಂಜರಿಯಬೇಕಾಗಿಲ್ಲ.

ನಾಲ್ಕನೆಯದು ಮನಸ್ಸಿನ ಭಾರ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ನಡೆಯುತ್ತಿದೆ. ಕರೆಗೆ ಖರ್ಚಿಲ್ಲ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ಹಿರಿಯರನ್ನು ನೋಡಿಕೊಳ್ಳುವವರಿಗೆ 14567 ಎಂಬ ಸಹಾಯವಾಣಿ ಇದೆ. ಕರೆ ಮಾಡುವುದು ನಂಬಿಕೆಯ ಕೊರತೆಯಲ್ಲ. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವ ಹಾಗೆಯೇ ಇದು.

ಈ ಮಾತುಗಳು ಎಂಡೋಸಲ್ಫಾನ್ ಊರುಗಳಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. ಬಂಟ್ವಾಳದಲ್ಲಾಗಲಿ ಮೂಡಬಿದ್ರಿಯಲ್ಲಾಗಲಿ, ಮಕ್ಕಳು ಗಲ್ಫಿನಲ್ಲಿದ್ದು ನೆನಪು ಕಳೆದುಕೊಂಡ ಗಂಡನನ್ನು ಎಪ್ಪತ್ತರ ಹೆಂಡತಿ ಒಬ್ಬಳೇ ನೋಡಿಕೊಳ್ಳುವ ಮನೆಗಳಿವೆ. ಅಲ್ಲಿ ಹಣಕ್ಕೆ ಕೊರತೆ ಇಲ್ಲದಿರಬಹುದು. ರಾತ್ರಿ ಎರಡು ಗಂಟೆಗೆ ಎತ್ತಲು ಇನ್ನೆರಡು ಕೈ ಇಲ್ಲ.

ನಮ್ಮ ವಾಳೆಯಲ್ಲಿ ಏನು ಮಾಡಬಹುದು?

ನಾವು ಪ್ರಾಮಾಣಿಕರಾಗಿರೋಣ. ಕ್ರಿಸ್ಮಸ್ ಬಂದಾಗ ಅಕ್ಕಿ, ಕಂಬಳಿ, ಕೇಕು ಕೊಡುತ್ತೇವೆ. ಗುಂಪಾಗಿ ಹೋಗುತ್ತೇವೆ, ಫೋಟೋ ತೆಗೆಯುತ್ತೇವೆ. ಹದಿನೈದು ಜನ ಬಂದರೆಂದು ಆ ತಾಯಿ ಚಹಾ ಮಾಡಬೇಕಾಗುತ್ತದೆ! ಫೆಬ್ರವರಿ 11ರಂದು ವಿಶ್ವ ವ್ಯಾಧಿಸ್ಥರ ದಿನ ಆಚರಿಸುತ್ತೇವೆ. 1993ರಿಂದ ಅದು ನಡೆದುಬಂದಿದೆ, ಒಳ್ಳೆಯದೇ. ಉಳಿದ ದಿನಗಳು?

ದೊಡ್ಡ ಯೋಜನೆ ಬೇಡ. ಮೂರು ಚಿಕ್ಕ ಕೆಲಸಗಳು ಸಾಕು.

ಒಂದು, ಪಟ್ಟಿ. ವಾಳೆಯ ಗುರಿಕಾರರಿಗೆ ಪ್ರತಿ ಮನೆಯೂ ಗೊತ್ತು. ಹಾಸಿಗೆ ಹಿಡಿದವರ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರು ಬರೆಯೋಣ: ಅವರನ್ನು ನೋಡಿಕೊಳ್ಳುತ್ತಿರುವವರು ಯಾರು, ಅವರ ವಯಸ್ಸೆಷ್ಟು, ಅವರಿಗೆ ಅಸೌಖ್ಯವಾದರೆ ಮನೆಯಲ್ಲಿ ಬೇರೆ ಯಾರಿದ್ದಾರೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಗೆ ಮೊದಲು ಹೋಗಬೇಕು.

ಎರಡು, ಕಾಗದದ ಕೆಲಸ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರಾಗಲಿ ಯುವಜನರಾಗಲಿ, ಒಂದು ಮನೆಗೆ ಒಬ್ಬರಂತೆ ಕಡತ ವಹಿಸಿಕೊಳ್ಳಬಹುದು. ಯುಡಿಐಡಿ ಆಯಿತೇ, ಮಾಸಾಶನ ಬರುತ್ತಿದೆಯೇ, ನಿರಾಮಯ ನವೀಕರಣವಾಯಿತೇ, ಪೋಷಕರ ನೇಮಕವಾಯಿತೇ ಎಂದು ನೋಡಿ, 'ನಾಳೆ ಬನ್ನಿ' ಎಂದಾಗ ನಾಳೆಯೂ ಹೋಗುವವರು ಅವರಾಗಲಿ. ಮೊಬೈಲಿನಲ್ಲಿ ಅರ್ಜಿ ತುಂಬಬಲ್ಲ ಕಾಲೇಜು ಹುಡುಗನಿಗೆ ಇದು ಒಂದು ಗಂಟೆಯ ಕೆಲಸ. ಆ ತಾಯಿಗೆ ಅದು ವರ್ಷಗಳಿಂದ ಆಗದೆ ಉಳಿದ ಕೆಲಸ.

ಮೂರು, ಬಿಡುವು. ವಾರಕ್ಕೆ ಎರಡು ಗಂಟೆ ಇಬ್ಬರು ಹೋಗಿ ಕುಳಿತುಕೊಳ್ಳುವುದು. ಎತ್ತುವ, ಮಗ್ಗುಲು ತಿರುಗಿಸುವ, ಉಣ್ಣಿಸುವ ಕ್ರಮವನ್ನು ನರ್ಸಿಂಗ್ ಬಲ್ಲ ಧರ್ಮಭಗಿನಿಯರಿಂದ ಮೊದಲು ಕಲಿತುಕೊಳ್ಳಬೇಕು, ಏಕೆಂದರೆ ತಿಳಿಯದೆ ಎತ್ತಿದರೆ ಇಬ್ಬರಿಗೂ ಅಪಾಯ. ರೋಗಿಗೆ ಪರಿಚಯವಾಗುವ ತನಕ ತಾಯಿ ಜೊತೆಯಲ್ಲೇ ಇರಲಿ. ಹೆಂಗಸರ ಆರೈಕೆಗೆ ಹೆಂಗಸರೇ ಹೋಗಲಿ. ಆ ಎರಡು ಗಂಟೆಯಲ್ಲಿ ತಾಯಿ ಏನು ಮಾಡಬೇಕೆಂದು ನಾವು ಹೇಳಬಾರದು. ಪೇಟೆಗೆ ಹೋಗಲಿ, ತವರಿಗೆ ಹೋಗಲಿ, ಸುಮ್ಮನೆ ಮಲಗಲಿ.

ಸರಕಾರದ ಹೊಣೆಯನ್ನು ನಾವು ಹೊತ್ತುಕೊಂಡು ಅದನ್ನು ಬಿಡುಗಡೆ ಮಾಡಬೇಕೆಂದು ಇದರ ಅರ್ಥವಲ್ಲ. ವಿಷ ಸಿಂಪಡಿಸಿದ್ದು ಸರಕಾರದ್ದೇ ನಿಗಮ. ಶಾಶ್ವತ ಕೇಂದ್ರ, ಸಾಕಷ್ಟು ಮಾಸಾಶನ, ಎಲ್ಲ ಆರೈಕೆದಾರರಿಗೂ ಭತ್ಯೆ ಇವನ್ನು ಕೇಳುತ್ತಲೇ ಇರಬೇಕು. ಕೇಳಲು ಮನೆಯಿಂದ ಹೊರಬರಲಾಗದವರ ಪರವಾಗಿ ಕೇಳುವುದೂ ನಮ್ಮ ಕರ್ತವ್ಯವೇ. ಆದರೆ ಆ ದಿನ ಬರುವವರೆಗೆ ಈ ವಾರದ ಎರಡು ಗಂಟೆ ಯಾವ ಬಜೆಟ್ಟಿಗೂ ಕಾಯಬೇಕಾಗಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ನಿಂತಾಗ ಸರದಿಯಲ್ಲಿ ಬರುವ ಆ ಕುಟುಂಬದವರನ್ನು ಹುಡುಕೋಣ. 'ಅವರು ಹೇಗಿದ್ದಾರೆ' ಎಂದು ಕೇಳುವ ಮೊದಲು 'ನೀವು ಹೇಗಿದ್ದೀರಿ, ಯಾವ ದಿನ ಬಂದು ಕುಳಿತುಕೊಳ್ಳಲಿ' ಎಂದು ಕೇಳೋಣ.